ಎಲ್ಲಾ ಎಂದಿನಂತೆ

ಆ ಸಂಜೆ ಕನ್ನಡಿಯ ಮುಂದೆ ನಿಂತು ಮೀಸೆ ತಿರುವುತ್ತಾ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಏನೇ ಆಗಲಿ, ಆ ಫ್ರೆಂಚ್ ರೆಸ್ಟೋರೆಂಟಿನಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ! ಯಾವ ಚಮಚ ಯಾವುದಕ್ಕೆ ಎಂದು ಕೇಳುವುದಿಲ್ಲ. ತಟ್ಟೆಯಲ್ಲಿ ಮಲಗಿರುವುದು ಪ್ರಾಣಿಯೋ ತರಕಾರಿಯೋ ಎಂದು ಕೇಳುವುದಿಲ್ಲ. ಕೈ ತೊಳೆಯುವ ಜಾಗ ಎಲ್ಲಿ ಎಂದೂ ಕೇಳುವುದಿಲ್ಲ, ಪ್ರಾಣ ಹೋದರೂ ಸರಿ!

ಇದಕ್ಕೆ ಕಾರಣವಿದೆ. ಇಪ್ಪತ್ತೆಂಟು ವರ್ಷದಿಂದ ನಾನು ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತಿದ್ದೇನೆ. ಕೇಳುವುದು ಲೋಕದ ಕೆಲಸ, ಹೇಳುವುದು ನನ್ನ ಕೆಲಸ. "ಒಬ್ಬರಿಗೆ ಒಂದೇ ಪ್ರಶ್ನೆ! ಮುಂದಿನವರು ಬನ್ನಿ!" ಎಂಬುದು ನನ್ನ ಕಿಂಡಿಯ ಮಂತ್ರ. ಕೇಳುವವರ ಮುಖ ಹೇಗಿರುತ್ತದೆಂದು ನನ್ನಷ್ಟು ಬಲ್ಲವರಿಲ್ಲ. ಬೆನ್ನು ಬಗ್ಗಿಸಿ, ಗಾಜಿಗೆ ಮೂಗು ಒತ್ತಿ, ಹಲ್ಲು ಗಿಂಜುತ್ತಾ ನಿಂತಿರುತ್ತಾರೆ. ಅಂಥ ಮುಖ ನನ್ನದಾಗಕೂಡದು ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ತೀರ್ಮಾನಿಸಿದ್ದೆ.

ಮನೆಯಲ್ಲೂ ಅದೇ ಕಾಯಿದೆ. ನನ್ನವಳು ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ವಾರ ಒಂದು ಕಾಗದ ತಂದು ನನ್ನ ಮುಂದೆ ಹಿಡಿದಳು.

"ರೀ, ಬೇರೆ ಊರಿನ ದೊಡ್ಡಾಸ್ಪತ್ರೆಯವರು ನನ್ನನ್ನ ಹೆಡ್ ನರ್ಸ್ ಮಾಡ್ತಾರಂತೆ. ಎರಡು ವರ್ಷ ಅಲ್ಲೇ ಇರ್ಬೇಕು. ಇಪ್ಪತ್ತೊಂದನೇ ತಾರೀಕಿನೊಳಗೆ ಉತ್ತರ ಕೊಡ್ಬೇಕು. ನಾನು ಏನು ಯೋಚನೆ ಮಾಡ್ತಿದ್ದೆ ಅಂದ್ರೆ..."

ಅವಳು ಏನು ಯೋಚನೆ ಮಾಡುತ್ತಿದ್ದಳೆಂದು ಕೇಳುವ ಜಾಯಮಾನ ನನ್ನದಲ್ಲವಲ್ಲ! ಪೇಪರಿನಿಂದ ತಲೆ ಎತ್ತದೆ, "ಆಗಲ್ಲ ಅಂತ ಬರೆದು ಹಾಕು" ಎಂದುಬಿಟ್ಟೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಇಟ್ಟುಕೊಂಡಳು. ಹರಿಯಲೂ ಇಲ್ಲ, ಉತ್ತರ ಬರೆಯಲೂ ಇಲ್ಲ. ಅಂದಿನಿಂದ ಮಾತು ಅಷ್ಟಕ್ಕಷ್ಟೇ. ನನಗೆ ಒಳಗೊಳಗೇ ಪುಕುಪುಕು. ಇವಳು ನಿಜಕ್ಕೂ ಹೊರಟುಬಿಟ್ಟರೆ ನನ್ನ ಗತಿ? ಇಪ್ಪತ್ತಕ್ಕೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಊರಿನಲ್ಲೇ ಅತಿ ಜಂಬದ ರೆಸ್ಟೋರೆಂಟಿಗೆ ಕರೆದೊಯ್ದರೆ ಆ ಕಾಗದ ತಾನಾಗಿಯೇ ಮರೆತುಹೋಗುತ್ತದೆ ಎಂದು ಹಂಚಿಕೆ ಹಾಕಿ ಫೋನ್ ಮಾಡಿದೆ.

"ಇಪ್ಪತ್ತನೇ ತಾರೀಕು. ಸಂಜೆ ಏಳು. ಟೇಬಲ್ ಬೇಕು," ಎಂದೆ ಗತ್ತಿನಿಂದ.

ಆ ಕಡೆ ಯಾರೋ ಉಸಿರಾಡುವುದು ಮಾತ್ರ ಕೇಳಿಸಿತು. ಆಮೇಲೆ ಬಾವಿಯ ತಳದಿಂದ ಬಂದಂಥ ಒಂದು ದನಿ ಮೆಲ್ಲಗೆ ಹೇಳಿತು: "ಇಪ್ಪತ್ತಕ್ಕೇ ಅಲ್ವಾ ಸರ್? ಏಳಕ್ಕೇ? ಹೆಸರು ಹೇಳೋದು ಬೇಡ ಸರ್, ಗೊತ್ತಾಯ್ತು. ಈ ವರ್ಷ ಇನ್ನೂ ನಿಮ್ಮ ಫೋನ್ ಬರ್ಲಿಲ್ವಲ್ಲ ಅಂತ ಈಗ್ತಾನೇ ಅಂದ್ಕೊಂಡ್ವಿ."

ನನ್ನ ಕತ್ತಿನ ಹಿಂದೆ ಯಾರೋ ತಣ್ಣಗೆ ಊದಿದಂತಾಯಿತು. ಬೇರೆ ಯಾರಾದರೂ ಆಗಿದ್ದರೆ "ನನ್ನನ್ನ ಯಾರು ಅಂದ್ಕೊಂಡಿದ್ದೀರಿ?" ಎಂದು ಕೇಳುತ್ತಿದ್ದರು. ನಾನು ಕೇಳಲಿಲ್ಲ. ವಿಚಾರಣೆ ಕೌಂಟರಿನ ಖ್ಯಾತಿ ಎಲ್ಲಿಯವರೆಗೆ ಹಬ್ಬಿದೆಯಪ್ಪಾ ಎಂದು ಬೀಗಿದೆ!

"ಕಿಟಕಿ ಪಕ್ಕದ ಅದೇ ಟೇಬಲ್ಲಾ ಸರ್?"

"ಅದೇ."

"ಅಮ್ಮಾವ್ರ ಕುರ್ಚಿ... ಅದೂ ಎಂದಿನಂತೇನಾ?"

"ಎಲ್ಲಾ ಎಂದಿನಂತೆ!" ಎಂದು ಗುಡುಗಿದೆ.

"ಆಗ್ಲಿ ಸರ್. ನಿಮ್ಮಂಥ ಗಂಡಂದಿರನ್ನ ನಾವು ನೋಡೇ ಇಲ್ಲ ಸರ್." ಫೋನ್ ಇಟ್ಟ ಸದ್ದೂ ಆಗಲಿಲ್ಲ.

ಇಪ್ಪತ್ತನೇ ತಾರೀಕು ಬಂತು. ಭಾವಮೈದುನನಿಂದ ಕೇಳಿ... ಅಲ್ಲ, ಹೇಳಿ ತಂದಿದ್ದ ಬೂದು ಬಣ್ಣದ ಕೋಟು ತೊಟ್ಟೆ. ನನ್ನವಳು ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದಿದ್ದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಒಂದು ಬಾಳೆಹಣ್ಣು ಮಾತ್ರ. ಬಿಳಿಚಿಕೊಂಡ ಮುಖದ ಮೇಲೆ ಅವಸರದಲ್ಲಿ ಪೌಡರು ಬಳಿದು, ಬಿಳಿ ಬಟ್ಟೆ ಉಟ್ಟು, ಮುತ್ತಿನ ಸರ ಹಾಕಿಕೊಂಡಳು. ಕೈಚೀಲದಲ್ಲಿ ಆ ಕಾಗದ ಹಾಗೇ ಇತ್ತು. ಕರವಸ್ತ್ರ ಹಾಕಿಕೊಳ್ಳುವಾಗ ನಾನೇ ಕಣ್ಣಾರೆ ಕಂಡೆ.

ಹೊರಗೆ ಮಂಜು ಮುಸುಕಿತ್ತು. ಬೀದಿ ದೀಪಗಳು ಹಳದಿ ಮಸುಕಾಗಿ ತೇಲುತ್ತಿದ್ದವು. ಎಂದಿನ ಅಭ್ಯಾಸದಂತೆ ನಾನು ಹೆಂಡತಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ರೆಸ್ಟೋರೆಂಟಿನ ಕರಿಯ ಬಾಗಿಲು ನಾನು ಮುಟ್ಟುವ ಮೊದಲೇ ತೆರೆದುಕೊಂಡಿತು. ಒಳಗೆ ಕೆಂಪು ರತ್ನಗಂಬಳಿ, ಹೆಜ್ಜೆಯ ಸದ್ದನ್ನೆಲ್ಲ ನುಂಗುವಷ್ಟು ದಪ್ಪ. ಗೋಡೆಯುದ್ದಕ್ಕೂ ಮಾಸಿದ ಹಳೆಯ ಕನ್ನಡಿಗಳು. ಮೇಣದ ಬತ್ತಿಯ ಬೆಳಕು ಬಿಟ್ಟರೆ ಬೇರೆ ದೀಪ ಹಾಕಿರಲಿಲ್ಲ. ದೂರದ ಮೂಲೆಯಲ್ಲಿ ನಾಲ್ಕು ಮಂದಿ ಮುದುಕರು ಮಾತಿಲ್ಲದೆ ಏನನ್ನೋ ಅಗಿಯುತ್ತಿದ್ದರು.

ಕಪ್ಪು ಕೋಟಿನ ಆರು ವೇಟರುಗಳು ಸಾಲಾಗಿ ನಿಂತು ನನಗೆ ತಲೆ ಬಾಗಿಸಿದರು. ಮುಂದಿದ್ದವನು ಹೆಡ್ ವೇಟರು. ಎತ್ತರ, ಸಣಕಲು, ನಾನು ಅವನಿಗೆ ಮನಸ್ಸಿನಲ್ಲೇ ದೀಪದ ಕಂಬ ಎಂದು ಹೆಸರಿಟ್ಟೆ. ಮಾತು ಕೇಳಿದಾಗ ಗೊತ್ತಾಯಿತು, ಬಾವಿಯ ತಳದ ದನಿ ಅವನದೇ. ಕಂಬ ನನ್ನ ಕುರ್ಚಿಯನ್ನು ಹಿಂದಕ್ಕೆಳೆದು ಕೂರಿಸಿದ. ಎದುರಿನ ಕುರ್ಚಿಯ ಮೇಲೆ ಒಂದು ಬಿಳಿ ಹೂವನ್ನಿಟ್ಟು ಎರಡು ನಿಮಿಷ ಕಣ್ಣು ಮುಚ್ಚಿ ನಿಂತ. ಆರೂ ಜನ ಕಣ್ಣು ಮುಚ್ಚಿದರು. ಇರಬೇಕಪ್ಪಾ, ಫ್ರೆಂಚ್ ಪದ್ಧತಿ ಎಂದು ನಾನೂ ಮುಚ್ಚಿದೆ.

ಆ ಹೊತ್ತಿಗೆ ಸರಿಯಾಗಿ ನನ್ನವಳು ಒಳಗೆ ಬಂದಿದ್ದಾಳೆ. ರತ್ನಗಂಬಳಿಯ ಮೇಲೆ ಸದ್ದೆಲ್ಲಿಯದು! ಹೂವನ್ನೆತ್ತಿ ಪಕ್ಕಕ್ಕಿಟ್ಟು, ಕುರ್ಚಿಯಲ್ಲಿ ಕೂತು, ಉಸ್ಸೆಂದಿದ್ದಾಳೆ. ಕಣ್ಣು ತೆರೆದ ಕಂಬ ಅವಳನ್ನು ನೋಡಿದ. ಅವನ ಮುಖದಿಂದ ರಕ್ತ ಇಳಿದುಹೋದದ್ದು ಮೇಣದ ಬತ್ತಿಯ ಬೆಳಕಿನಲ್ಲೂ ಕಂಡಿತು. ಹಿಂದೆ ನಿಂತಿದ್ದ ಒಬ್ಬ "ಹ್ಞಾ..." ಎಂದು ಬಾಯಿಗೆ ಕರವಸ್ತ್ರ ತುರುಕಿಕೊಂಡ. ಆರೂ ಜನ ಮುಖ ನಮ್ಮ ಕಡೆಗೇ ಇಟ್ಟುಕೊಂಡು ಹಿಂದಹಿಂದಕ್ಕೆ ನಡೆದು ಅಡಿಗೆಮನೆಯ ಬಾಗಿಲಲ್ಲಿ ಕರಗಿದರು.

"ಇವ್ರಿಗೆ ಏನಾಯ್ತು ರೀ?"

"ಗೌರವ ಕಣೇ. ಫ್ರೆಂಚರು ಅತಿಥಿಗಳಿಗೆ ಬೆನ್ನು ತೋರಿಸಲ್ಲ."

ಸೂಪು ಬಂತು. ಎರಡು ತಟ್ಟೆ, ಎರಡಕ್ಕೂ ಗುಮ್ಮಟದಂಥ ಬೆಳ್ಳಿಯ ಮುಚ್ಚಳ. ಕಂಬ ನನ್ನ ಮುಚ್ಚಳ ಎತ್ತಿದ. ಈರುಳ್ಳಿ, ಬೆಣ್ಣೆಯ ಪರಿಮಳ ಮೂಗಿಗೆ ಬಡಿಯಿತು. ನನ್ನವಳ ತಟ್ಟೆಯನ್ನು ಇನ್ನೊಬ್ಬ ಕೈ ಎಷ್ಟು ಉದ್ದ ಚಾಚಬಹುದೋ ಅಷ್ಟು ಚಾಚಿ ಮೇಜಿನ ಮೇಲಿಟ್ಟು ಓಟ ಕಿತ್ತ. ಮುಚ್ಚಳ ಎತ್ತಲೇ ಇಲ್ಲ.

"ನಂದು ಮುಚ್ಚೇ ಇದೆಯಲ್ರೀ?"

"ಹೆಂಗಸರು ತಾವೇ ತೆಗೀಬೇಕು. ಸ್ವಾತಂತ್ರ್ಯ, ಸಮಾನತೆ ಎಲ್ಲಾ ಫ್ರೆಂಚರಿಗೇ ತಾನೇ ಮೊದಲು ಹೊಳೆದಿದ್ದು!"

ಅವಳು ಎತ್ತಿದಳು. ಒಳಗೆ ಏನೂ ಇರಲಿಲ್ಲ. ಒಂದು ಹನಿ ಸೂಪೂ ಇಲ್ಲ! ತಿಕ್ಕಿ ತೊಳೆದ ಖಾಲಿ ಬಟ್ಟಲು.

ನನ್ನ ಚಮಚ ಬಾಯಿಯ ಹತ್ತಿರವೇ ನಿಂತಿತು. ಆದರೂ ನಾಲಿಗೆ ಸುಮ್ಮನಿರುತ್ತದೆಯೇ? "ಅದು ಹಸಿವು ಕೆರಳಿಸೋ ಬಟ್ಟಲು. ಮೊದಲು ಖಾಲಿ ಇಡ್ತಾರೆ," ಎಂದೆ.

"ನನ್ನ ಹಸಿವು ಕೆರಳಿ ಬೆಳಿಗ್ಗೆಯಿಂದ ಕೂತಿದೆ. ಒಂದು ಮಾತು ಅವರನ್ನ ಕೇಳ್ರೀ."

"ಕೇಳೋದಾ? ನಾನಾ?"

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಕೈಚೀಲವನ್ನು ತೊಡೆಯ ಮೇಲೆ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ತಾನೇ ಕಂಬನಿಗೆ, "ಸ್ವಲ್ಪ ನೀರು ಕೊಡ್ತೀರಾ?" ಎಂದಳು. ಕಂಬ ಕಿಟಕಿಯಾಚೆಯ ಮಂಜನ್ನು ನೋಡುತ್ತಾ ತುಟಿ ಅಲ್ಲಾಡಿಸಿದ. ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಂತಿತ್ತು. ಅವಳು "ರೀ ಸ್ವಾಮಿ!" ಎಂದು ದನಿ ಏರಿಸಿದಳು. ಅವನು ಪ್ರಾರ್ಥನೆಯ ವೇಗ ಏರಿಸಿದ. ಕೊನೆಗೆ ಪಕ್ಕದಲ್ಲಿದ್ದ ಮಂಜುಗಡ್ಡೆಯ ಪಾತ್ರೆಗೆ ತಾನೇ ಕೈಹಾಕಿ ಎರಡು ತುಂಡೆತ್ತಿ ಬಾಯಿಗೆ ಹಾಕಿಕೊಂಡಳು. ಕರುಮ್ ಕರುಮ್ ಎಂಬ ಸದ್ದಿಗೆ ದೂರದ ಮುದುಕರೂ ಅಗಿಯುವುದನ್ನು ನಿಲ್ಲಿಸಿದರು.

ಮೀನು ಬಂತು. ನನಗೆ ಬೆಣ್ಣೆಯಲ್ಲಿ ಹುರಿದ ಮೀನು, ಅವಳಿಗೆ ಮತ್ತೆ ಮುಚ್ಚಳದಡಿ ಖಾಲಿ ತಟ್ಟೆ! ಅವಳು ನನ್ನ ತಟ್ಟೆಗೆ ಕೈಹಾಕಿ ಒಂದು ಬ್ರೆಡ್ಡಿನ ಚೂರನ್ನು ಎತ್ತಿದ್ದೇ ತಡ, ಸಾಸ್ ಬಡಿಸುತ್ತಿದ್ದ ವೇಟರು ಬೆಚ್ಚಿ ಹಾರಿದ ರಭಸಕ್ಕೆ ಜಗ್ಗಿನ ಸಾಸೆಲ್ಲ ಭಾವಮೈದುನನ ಕೋಟಿನ ಮೇಲೆ ಸುರಿಯಿತು. "ಎತ್ತಿದ್ರು! ತಿಂದ್ರು!" ಎಂದು ಪಿಸುಗುಟ್ಟುತ್ತಾ ಅವನು ಒಳಗೆ ಓಡಿದ. ಕರವಸ್ತ್ರ ಒದ್ದೆ ಮಾಡಿಕೊಂಡು ಬರುತ್ತೇನೆಂದು ನನ್ನವಳು ಎದ್ದುಹೋದಳು. ಕಾರಿಡಾರಿನಲ್ಲಿ ಯಾರೋ ಕಿಟಾರನೆ ಕಿರುಚಿದರು. ಎರಡು ನಿಮಿಷದಲ್ಲಿ ಅವಳು ವಾಪಸು ಬಂದಳು.

"ರೀ, ನಾನು ಹೋದ ಕಡೆಯೆಲ್ಲ ಜನ ಗೋಡೆಗೆ ಅಂಟಿಕೊಳ್ತಿದ್ದಾರೆ. ಕೈ ತೊಳೆಯೋ ಹತ್ತಿರ ಇದ್ದವಳು ಟವೆಲ್ ಕೊಡು ಅಂದ್ರೆ ಬಕೆಟ್ ಹಿಂದೆ ಅವಿತ್ಕೊಂಡ್ಳು!"

"ಹೆಂಗಸರಿಗೆ ದಾರಿ ಬಿಡೋದು ಅಂದ್ರೆ ಅದೇ," ಎಂದೆ. ಆದರೆ ಈ ಸಲ ನನ್ನ ದನಿ ನನಗೇ ಹಿಡಿಸಲಿಲ್ಲ.

ಯಾಕೆಂದರೆ ಆಗ ನಾನು ಗೋಡೆಯ ಕನ್ನಡಿ ನೋಡಿದ್ದೆ. ಕನ್ನಡಿಯಲ್ಲಿ ನಾನಿದ್ದೆ. ಮೇಣದ ಬತ್ತಿ ಇತ್ತು, ಎರಡು ತಟ್ಟೆಗಳಿದ್ದವು. ಎದುರಿಗೆ ಕೂತವಳು ಇರಲಿಲ್ಲ! ಇವಳು ದಾರಿಯಲ್ಲಿ ನನ್ನ ಹಿಂದೆ ಬರುತ್ತಿದ್ದಳೇ? ನಾನು ತಿರುಗಿ ನೋಡಿದ್ದೆನೇ? ಮಂಜಿನಲ್ಲಿ ಇವಳಿಗೆ ಏನಾದರೂ... ಅಯ್ಯೋ! ಬೆವರು ಕಿತ್ತುಕೊಂಡು ಬಂತು. ಪರೀಕ್ಷೆ ಮಾಡಲು ಮೇಜಿನ ಕೆಳಗೆ ಕೈಹಾಕಿ ಅವಳ ಮೊಣಕಾಲು ಚಿವುಟಿದೆ.

"ಅಯ್ಯೋ!" ಎಂದಳು ಅವಳು. "ಅಯ್ಯೋ!" ಎಂದರು ಅಡಿಗೆಮನೆಯ ಬಾಗಿಲ ಹಿಂದಿನ ಆರು ಜನ.

ಆಮೇಲೆ ಸ್ವಲ್ಪ ಬಾಗಿ ನೋಡಿದಾಗ ತಿಳಿಯಿತು, ಅವಳ ಕುರ್ಚಿಗೂ ಕನ್ನಡಿಗೂ ನಡುವೆ ಒಂದು ಹೂದಾನಿ ಅಡ್ಡ ಇತ್ತು. ಆದರೆ ಹೋದ ಜೀವ ಪೂರ್ತಿ ವಾಪಸು ಬರಲಿಲ್ಲ.

ಕೊನೆಗೆ ಸಿಹಿ. ಕಾಗದದಷ್ಟು ತೆಳುವಾದ ಕ್ರೇಪ್ ಎಂಬ ತಿನಿಸು. ಗಿರಾಕಿಯ ಎದುರಿಗೇ ಅದರ ಮೇಲೆ ಮದ್ಯ ಸುರಿದು ಬೆಂಕಿ ಹಚ್ಚುವುದು ಅಲ್ಲಿಯ ವೈಭವ. ಕಂಬ ತಳ್ಳುಗಾಡಿ ನೂಕಿಕೊಂಡು ಬಂದ. ಸುತ್ತಲಿನ ಮೇಣದ ಬತ್ತಿಗಳನ್ನು ಆರಿಸಿದರು. ಕತ್ತಲು. ಕಡ್ಡಿ ಗೀರಿದ. ಭುಗ್ಗೆಂದು ನೀಲಿ ಜ್ವಾಲೆ ಎದ್ದಿತು. ಆ ಬೆಳಕಿನಲ್ಲಿ ಎದುರಿಗೆ ಬಿಳಿ ಬಟ್ಟೆ, ಬಿಳಿ ಮುಖ, ಹಸಿದ ಎರಡು ಕಣ್ಣು. ಮಂಜುಗಡ್ಡೆ ಹಿಡಿದು ತಣ್ಣಗಾದ ಕೈಯಿಂದ ನನ್ನವಳು ಕಂಬನ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು.

"ಇನ್ನೂ ಎಷ್ಟು ಹೊತ್ತಪ್ಪಾ ನನ್ನನ್ನ ಹಸಿದು ಕೂರಿಸ್ತೀರಿ?"

ಕಂಬ ನಿಂತಲ್ಲೇ ಉರುಳಿತು.

ಯಾರೋ ದೀಪ ಹಾಕಿದರು. ಗಾಡಿಯ ಮೇಲೆ ಬೆಂಕಿ ಆರಿತ್ತು. ನನ್ನವಳು ಆಗಲೇ ನೆಲದ ಮೇಲೆ ಕೂತು ಅವನ ಕಾಲೆತ್ತಿಸಿ, ಕೊರಳ ಗುಂಡಿ ಬಿಚ್ಚಿ, ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದಳು. ಅವನು ಕಣ್ಣು ಬಿಟ್ಟ. ಅವಳ ಮುಖ ಕಂಡಿತು. ಮತ್ತೆ ಮುಚ್ಚಿದ.

"ಅಮ್ಮಾವ್ರೇ, ನಂದೇನೂ ತಪ್ಪಿಲ್ಲ," ಎಂದು ಕಣ್ಣು ಮುಚ್ಚಿಯೇ ಗೋಗರೆದ. "ಖಾಲಿ ತಟ್ಟೆ ಇಡಿ ಅಂದಿದ್ದು ಯಜಮಾನ್ರೇ! ನೀವು ಹೋಗಿ ಒಂಬತ್ತು ವರ್ಷ ಆಯ್ತು, ಒಂದ್ಸಲಾನೂ ಬಂದಿರ್ಲಿಲ್ವಂತೆ. ಇವತ್ತು ಯಾಕಮ್ಮಾ ಬಂದ್ರಿ?"

"ನಾಡಿ ನೂರ ಮೂವತ್ತು," ಎಂದಳು ನನ್ನವಳು. "ಸತ್ತವರು ಯಾರೂ ನಾಡಿ ಎಣಿಸಲ್ಲ, ಕಣ್ಣು ಬಿಡಪ್ಪಾ."

ಒಳಗಿನಿಂದ ದಪ್ಪ ಮ್ಯಾನೇಜರ್ ಓಡಿಬಂದರು. ಕೈಯಲ್ಲಿ ಹಳದಿಯಾದ ಒಂದು ಕಾರ್ಡು. ಖಾಯಂ ಗಿರಾಕಿಗಳಿಗೆಲ್ಲ ಅಲ್ಲಿ ಒಂದೊಂದು ಕಾರ್ಡು ಇರುತ್ತದಂತೆ. ಈಗಿನವರೆಲ್ಲ ಈ ವರ್ಷ ಹೊಸದಾಗಿ ಸೇರಿದವರು, ಆ ಗಿರಾಕಿಯ ಮುಖ ಕಂಡವರು ಯಾರೂ ಇಲ್ಲ. ಹಳೆಯ ಹೆಡ್ ವೇಟರು ಹಿಂದೆಯೇ ಬರೆದು, ಹೋದ ವರ್ಷ ನಿವೃತ್ತನಾಗುವಾಗ ಬಿಟ್ಟುಹೋದ ಕಾರ್ಡನ್ನು ಮ್ಯಾನೇಜರ್ ಗಟ್ಟಿಯಾಗಿ ಓದಿದರು.

"ಪ್ರತಿ ವರ್ಷ ಇಪ್ಪತ್ತನೇ ತಾರೀಕು, ಸಂಜೆ ಏಳು. ಕಿಟಕಿಯ ಪಕ್ಕ. ಬೂದು ಕೋಟು, ಮೀಸೆ. ಒಬ್ಬರೇ ಬರುತ್ತಾರೆ. ಅವರ ಹೆಂಡತಿ ತೀರಿಕೊಂಡಿದ್ದಾರೆ. ಇದ್ದಾಗ ಬಿಳಿ ಬಟ್ಟೆ, ಮುತ್ತಿನ ಸರ. ಅಮ್ಮನವರ ಕುರ್ಚಿಯ ಮೇಲೆ ಬಿಳಿ ಹೂವಿಡಬೇಕು. ಅವರ ಮುಂದೆ ಮುಚ್ಚಿದ ಖಾಲಿ ತಟ್ಟೆ ಇಡಬೇಕು. ಸರ್ ಆ ಕುರ್ಚಿಯ ಜೊತೆ ಮಾತಾಡುತ್ತಾರೆ, ಕೇಳಿಸಿಕೊಳ್ಳಬಾರದು. ಕುರ್ಚಿಯನ್ನು ಯಾರೂ ಮಾತಾಡಿಸಬಾರದು."

ಇಡೀ ಕೋಣೆ ನನ್ನತ್ತ ತಿರುಗಿತು. ಕಂಬ ನೆಲದ ಮೇಲಿಂದಲೇ ಹೇಳಿದ: "ನಾನು ಫೋನಲ್ಲಿ ಬಿಡಿಸಿ ಬಿಡಿಸಿ ಕೇಳ್ದೆ. ಎಲ್ಲಾ ಎಂದಿನಂತೆ ಅಂದ್ರು."

ನನ್ನ ಮುಖ ಹುಳ್ಳಗಾಯಿತು. ನನ್ನವಳು ನಿಧಾನವಾಗಿ ಎದ್ದು, ಕೈ ಒರೆಸಿಕೊಂಡು, ಆ ಕಾರ್ಡನ್ನು ಈಸಿಕೊಂಡು ಇನ್ನೊಮ್ಮೆ ತಾನೇ ಓದಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಪಾಪ, ಇವರದ್ದೇನೂ ತಪ್ಪಿಲ್ಲ. ನನ್ನನ್ನ ಮಾತಾಡಿಸ್ಬೇಡಿ ಅಂತ ಇವರಿಗೆ ಕಾರ್ಡಲ್ಲಿ ಬರೆದಿತ್ತು," ಎಂದಳು. "ಇಪ್ಪತ್ತೈದು ವರ್ಷದಿಂದ ನಿಮಗೆ ಯಾರ್ರೀ ಬರೆದುಕೊಟ್ಟಿದ್ರು?"

ನಿಮಿಷಕ್ಕೆ ಎಂಟು ಉತ್ತರ ಕೊಡುವ ಈ ಮಹಾಶಯ ಕೋಟಿನ ಮೇಲಿನ ಸಾಸಿನ ಕಲೆ ಉಜ್ಜತೊಡಗಿದ. ನಾಚಿಕೆಯಿಂದ ಕಣ್ಣು ತುಂಬಿತು. ಹೆಂಡತಿ ಸತ್ತು ಒಂಬತ್ತು ವರ್ಷವಾದರೂ ಅವಳ ಜೊತೆ ಮಾತಾಡಲು ಬರುವ ಗಂಡ ಅವನು. ಎದುರಿಗೆ ಬದುಕಿ ಕೂತವಳ ಮಾತು ಮುಗಿಯುವ ಮೊದಲೇ ಉತ್ತರ ಕೊಡುವ ಗಂಡ ನಾನು.

ಬೆನ್ನು ಬಗ್ಗಿಸಿದೆ. ಬೆಪ್ಪಾಗಿ ಹಲ್ಲು ಗಿಂಜಿದೆ. ಇಪ್ಪತ್ತೆಂಟು ವರ್ಷ ನನ್ನ ಕಿಂಡಿಯಲ್ಲಿ ನೋಡಿದ ಅದೇ ಮುಖ ಈಗ ನನ್ನ ಕತ್ತಿನ ಮೇಲೆ ಬಂದು ಕೂತಿತ್ತು. ಜೀವನದ ಮೊದಲ ಪ್ರಶ್ನೆ ಕೇಳಿದೆ.

"ನಿನಗೆ... ನಿನಗೇನು ಬೇಕು?"

"ಮೊದಲು ಊಟ!"

ನಮ್ಮನ್ನು ಬೇರೆ ಟೇಬಲ್ಲಿಗೆ ಕೂರಿಸಿದರು. ಅವಳು ಪ್ರತಿಯೊಂದನ್ನೂ ಇದೇನು, ಹೇಗೆ ಮಾಡ್ತೀರಿ ಎಂದು ಕೇಳಿ ಕೇಳಿ ತರಿಸಿಕೊಂಡಳು. ಕೇಳಿದ್ದಕ್ಕೆ ಯಾರೂ ಅವಳನ್ನು ಕೀಳಾಗಿ ನೋಡಲಿಲ್ಲ. ಬದಲಿಗೆ ಅಡಿಗೆಯವನೇ ಬಂದು ನಿಂತು ಉತ್ಸಾಹದಿಂದ ವಿವರಿಸಿದ! ಎರಡು ಬಟ್ಟಲು ಸೂಪು, ಒಂದು ಇಡೀ ಮೀನು, ಐದು ಕ್ರೇಪ್ ಮುಗಿಸಿದ ಮೇಲೆ ಅವಳ ಕೆನ್ನೆಗೆ ಬಣ್ಣ ಬಂತು. ಆಗ ಧೈರ್ಯ ಮಾಡಿ ಎರಡನೆಯ ಪ್ರಶ್ನೆ ಹಾಕಿದೆ.

"ಅವತ್ತು ಆ ಕಾಗದದ ವಿಷಯ ಏನೋ ಯೋಚನೆ ಮಾಡ್ತಿದ್ದೆ ಅಂದ್ಯಲ್ಲ. ಏನದು?"

ಅವಳು ಬಾಯಿ ಒರೆಸಿಕೊಂಡಳು. "ಬೇಡ ಅಂತಲೇ ಯೋಚನೆ ಮಾಡಿದ್ದೆ ರೀ. ಈ ವಯಸ್ಸಲ್ಲಿ ಯಾಕೆ ಬೇರೆ ಊರು ಅಂತ. 'ನಿನಗೇನನ್ನಿಸುತ್ತೆ' ಅಂತ ನೀವು ಒಂದು ಮಾತು ಕೇಳಿದ್ರೆ ಅವತ್ತೇ ಬೇಡ ಅಂತ ಬರೆದು ಹಾಕ್ತಿದ್ದೆ."

"ಅಬ್ಬಾ!" ಎಂದೆ. "ಹಾಗಾದ್ರೆ ಈಗ?"

"ಈಗ ಒಂದೂವರೆ ಗಂಟೆ ಸತ್ತು ನೋಡಿದ್ಮೇಲೆ ಸ್ವಲ್ಪ ಬದುಕ್ಬೇಕು ಅನ್ನಿಸ್ತಿದೆ. ಹೋಗ್ತೀನಿ."

ಹೊರಡುವಾಗ ಅವಳು ಮ್ಯಾನೇಜರಿಗೆ ಮೆಲ್ಲಗೆ ಹೇಳಿದಳು: "ಆ ಸರ್ ಈ ವರ್ಷ ಯಾಕೆ ಫೋನ್ ಮಾಡ್ಲಿಲ್ಲ ಅಂತ ನೀವೇ ಒಂದ್ಸಲ ವಿಚಾರಿಸಿ ನೋಡಿ. ಒಬ್ಬರೇ ಇರೋವ್ರು." ಮ್ಯಾನೇಜರ್ ತಲೆಯಾಡಿಸಿದರು. ಅವರು ತಡವಾಗಿಯಾದರೂ ಬಂದಾರೆಂದು ಕಿಟಕಿಯ ಟೇಬಲ್ಲನ್ನು ಮತ್ತೆ ಅಣಿಮಾಡಿ ಇಟ್ಟಿದ್ದರು. ಎರಡು ತಟ್ಟೆ, ಎರಡು ಮುಚ್ಚಳ, ಕುರ್ಚಿಯ ಮೇಲೆ ಹೊಸ ಹೂವು. ಇದನ್ನು ನಾವು ಊಟಕ್ಕೆ ಕೂತಾಗಲೇ ನೋಡಿದ್ದೆ. ಈಗ ಅದರ ಪಕ್ಕದಲ್ಲಿ ಹಾದುಹೋಗುವಾಗ ಎರಡೂ ಮುಚ್ಚಳ ತೆರೆದು ಪಕ್ಕಕ್ಕಿಟ್ಟಿದ್ದವು. ಎರಡೂ ಕುರ್ಚಿಗಳು ಈಗಷ್ಟೇ ಎದ್ದುಹೋದಂತೆ ಹಿಂದಕ್ಕೆ ಸರಿದಿದ್ದವು. ಹೂವು ಇರಲಿಲ್ಲ. ಆ ಹೊತ್ತಿನಲ್ಲಿ ಆರು ಜನ ವೇಟರೂ ನಮ್ಮ ಟೇಬಲ್ಲಿನ ಸುತ್ತಲೇ ಇದ್ದರು. ಅಲ್ಲಿಗೆ ಯಾರು ಬಂದಿದ್ದರು? ಈ ಒಂದು ಪ್ರಶ್ನೆಯನ್ನು ಮಾತ್ರ ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ. ಕೇಳುವುದೂ ಇಲ್ಲ! ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವಳ ಜೊತೆಜೊತೆಗೇ ಹೆಜ್ಜೆ ಹಾಕಿ ಮಂಜಿನಲ್ಲಿ ಮನೆ ಸೇರಿದೆ.

ಅವಳು ಹೋಗಿ ನಾಲ್ಕು ತಿಂಗಳಾಯಿತು. ಹೆಡ್ ನರ್ಸ್ ಅಂದರೆ ಸಾಮಾನ್ಯವೇ? ವಾರ್ಡಿಗೆ ವಾರ್ಡೇ ನಡುಗುತ್ತದಂತೆ. ಇಲ್ಲಿ ನಾನು ಒಲೆಯ ಮುಂದೆ ನಡುಗುತ್ತಿದ್ದೇನೆ. ಖಾಲಿ ತಟ್ಟೆಗೆ ಮುಚ್ಚಳ ಮುಚ್ಚಿಟ್ಟರೆ ಹೇಗಿರುತ್ತದೆಂದು ದಿನಾ ಸಂಜೆ ನನಗೆ ತಿಳಿಯುತ್ತದೆ. ನಿನ್ನೆಯೂ ಫೋನ್ ಮಾಡಿದೆ.

"ಲೇ, ಉಪ್ಪಿನ ಡಬ್ಬ ಎಲ್ಲಿದೆ? ಒಲೆ ಯಾಕೆ ಹೊಗೆ ಬಿಡ್ತಿದೆ? ಆ ಕೋಟಿನ ಕಲೆ ಹೇಗೆ ತೆಗೀಬೇಕು? ನೀನು ಯಾವಾಗ ಬರ್ತೀಯಾ?"

ಆ ಕಡೆ ಉಸಿರಾಡುವುದು ಮಾತ್ರ ಕೇಳಿಸಿತು. ನಗು ತಡೆದುಕೊಳ್ಳುತ್ತಿದ್ದಳೋ ಏನೋ. ಆಮೇಲೆ ಗಂಟಲು ಸರಿಮಾಡಿಕೊಂಡು, ಥೇಟ್ ನನ್ನದೇ ಗತ್ತಿನಲ್ಲಿ ಹೇಳಿದಳು:

"ಒಬ್ಬರಿಗೆ ಒಂದೇ ಪ್ರಶ್ನೆ! ಉಪ್ಪು ಮೇಲಿನ ಕಪಾಟಲ್ಲಿದೆ. ಮುಂದಿನವರು ಬನ್ನಿ!"